ತಾಳಕ್ಕೆ ಹೆಜ್ಜೆ: ಸ್ಕಿಜೋಫ್ರೇನಿಯಾದಲ್ಲಿ ಲಯಬದ್ಧ ಶಬ್ದ ಮತ್ತು ನಡಿಗೆ – ಕೋಲಾರ ಸೀಮೆಯ ಹಿನ್ನೆಲೆಯಲ್ಲಿ ಒಂದು ಸಂಶೋಧನಾ ಟಿಪ್ಪಣಿ

1. ವ್ಯಾಪ್ತಿ ಮತ್ತು ಪರಿಭಾಷೆ

ಸಮ ಅಂತರದಲ್ಲಿ ಬೀಳುವ ಶಬ್ದಕ್ಕೆ ಹೆಜ್ಜೆ ಹೊಂದಿಸಿ ನಡೆಯುವ ಅಭ್ಯಾಸದಿಂದ ಪಾರ್ಕಿನ್ಸನ್ ಕಾಯಿಲೆಯವರ ನಡಿಗೆ ಸುಧಾರಿಸುತ್ತದೆ ಎಂಬುದಕ್ಕೆ ಸುಮಾರು ಮೂರು ದಶಕಗಳ ಆಧಾರವಿದೆ. ಸ್ಕಿಜೋಫ್ರೇನಿಯಾ ಇರುವವರಲ್ಲೂ ಇದು ಫಲಿಸೀತೇ ಎಂಬ ಪ್ರಶ್ನೆ ಈಚಿನದು. ಈ ಟಿಪ್ಪಣಿ ಆ ಪ್ರಶ್ನೆಯನ್ನು ಇತ್ಯರ್ಥ ಮಾಡುವುದಿಲ್ಲ. ಉತ್ತರ ಹುಡುಕುವ ಮೊದಲು ಯಾವ ಅಳತೆಗಳನ್ನು ಒಂದರಿಂದೊಂದು ಬಿಡಿಸಿಕೊಳ್ಳಬೇಕು, ಕೋಲಾರ ಜಿಲ್ಲೆಯಂಥ ಕಡೆ ಅದನ್ನು ಎಷ್ಟು ಕಡಿಮೆ ಸಲಕರಣೆಯಲ್ಲಿ ಮಾಡಬಹುದು ಎಂಬುದಷ್ಟೇ ಇಲ್ಲಿನ ವಿಷಯ.

ಇಲ್ಲಿ ‘ಹೆಜ್ಜೆ’ ಎಂದರೆ ಒಂದು ಹಿಮ್ಮಡಿ ಊರಿದಲ್ಲಿಂದ ಇನ್ನೊಂದು ಕಾಲಿನ ಹಿಮ್ಮಡಿ ಊರುವವರೆಗೆ. ‘ಜೋಡಿಹೆಜ್ಜೆ’ ಎಂದರೆ ಅದೇ ಕಾಲಿನ ಹಿಮ್ಮಡಿ ಮತ್ತೆ ಊರುವವರೆಗೆ. ‘ಹೆಜ್ಜೆಗತಿ’ ಎಂದರೆ ನಿಮಿಷಕ್ಕೆ ಬೀಳುವ ಹೆಜ್ಜೆಗಳ ಸಂಖ್ಯೆ. ‘ವೇಗ’ವನ್ನು ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ ಕೊಟ್ಟಿದೆ. ಹೆಜ್ಜೆಗತಿಯ ಅರ್ಧವನ್ನು ಜೋಡಿಹೆಜ್ಜೆಯ ಉದ್ದದಿಂದ ಗುಣಿಸಿ 60ರಿಂದ ಭಾಗಿಸಿದರೆ ವೇಗ ಬರುತ್ತದೆ. ಮುಂದಿನ ಚರ್ಚೆಯ ಬಹುಪಾಲು ಈ ಒಂದು ಸಮೀಕರಣವನ್ನು ಅವಲಂಬಿಸಿದೆ.

2. ಚಲನದೋಷ ಕಾಯಿಲೆಯದೋ, ಔಷಧಿಯದೋ

ಸ್ಕಿಜೋಫ್ರೇನಿಯಾದವರ ನಿಧಾನಗತಿ, ಬಿಗಿತ, ನಡುಕಗಳನ್ನು ಔಷಧಿಯ ಅಡ್ಡಪರಿಣಾಮವೆಂದೇ ಬಗೆಯುವುದು ರೂಢಿ. ಆದರೆ ಕಾಲಾನುಕ್ರಮ ಅದಕ್ಕೆ ಪೂರ್ತಿ ಒಪ್ಪುವುದಿಲ್ಲ. ಕಾಲ್‌ಬಾಮ್ ಕೆಟಟೋನಿಯಾವನ್ನು ವಿವರಿಸಿದ್ದು 1874ರಲ್ಲಿ. ಮೊದಲ ಮನೋವಿಕೃತಿ ನಿರೋಧಕವಾದ ಕ್ಲೋರ್‌ಪ್ರೊಮಝಿನ್ ಬಳಕೆಗೆ ಬಂದದ್ದು 1952ರಲ್ಲಿ. ನಡುವಿನ 78 ವರ್ಷಗಳ ವರದಿಗಳಲ್ಲಿ ಕಾಣುವ ಚಲನದೋಷಕ್ಕೆ ಈ ವರ್ಗದ ಔಷಧಿ ಕಾರಣವಾಗಿರಲು ಸಾಧ್ಯವಿಲ್ಲ. ಫ್ಯಾರನ್-ರಿಜ್ 1926ರಲ್ಲಿ ಪ್ರಕಟಿಸಿದ ವರದಿಯನ್ನು ಇದಕ್ಕೆ ಸಾಕ್ಷ್ಯವಾಗಿ ಆಗಾಗ ಉಲ್ಲೇಖಿಸುತ್ತಾರೆ. ಆದರೆ ಆ ಲೇಖನದ ವಿಷಯವೇ ಡಿಮೆನ್ಶಿಯಾ ಪ್ರೀಕಾಕ್ಸ್ (ಸ್ಕಿಜೋಫ್ರೇನಿಯಾದ ಹಳೆಯ ಹೆಸರು) ಮತ್ತು ಸಾಂಕ್ರಾಮಿಕ ಮಿದುಳುಜ್ವರ, ಎರಡೂ ಕೂಡಿದ್ದು. ಆ ಮಿದುಳುಜ್ವರ ಪಾರ್ಕಿನ್ಸನ್ ಲಕ್ಷಣಗಳನ್ನು ಉಳಿಸಿ ಹೋಗುತ್ತಿದ್ದ ಕಾಲ ಅದು. ಎರಡು ಗುಂಪುಗಳು ಎಷ್ಟರ ಮಟ್ಟಿಗೆ ಬೆರೆತಿದ್ದವೆಂದು ಇಂದು ಬಿಡಿಸಿ ಹೇಳುವುದು ಕಷ್ಟ. ಅದರ ಮೇಲೆ ಹೆಚ್ಚು ಭಾರ ಹೇರದಿರುವುದು ಕ್ಷೇಮ.

ನಮ್ಮ ಸೀಮೆಗೆ ಹತ್ತಿರದ, ಅಂಕಿಗಳುಳ್ಳ ಆಧಾರವೆಂದರೆ ಮೆಕ್‌ಕ್ರೀಡಿ, ತಾರಾ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಮದರಾಸಿನ ಅಧ್ಯಯನ. ಪರೀಕ್ಷೆಗೊಳಗಾದವರು 308 ಜನ: ಆರೋಗ್ಯವಂತರು 101, ರೋಗಿಗಳ ಹತ್ತಿರದ ರಕ್ತಸಂಬಂಧಿಗಳು 103, ಎಂದೂ ಔಷಧಿ ಪಡೆಯದ ರೋಗಿಗಳು 21, ಔಷಧಿ ಪಡೆದವರು 83. ಪಾರ್ಕಿನ್ಸನ್ ಬಗೆಯ ಲಕ್ಷಣಗಳು ಇದೇ ಕ್ರಮದಲ್ಲಿ 6%, 11%, 24% ಮತ್ತು 36%. ಅನೈಚ್ಛಿಕ ಚಲನೆ, ಅಂದರೆ ಡಿಸ್ಕೈನೇಸಿಯಾ, 15%, 15%, 38% ಮತ್ತು 41%.

ಈ ಶೇಕಡಾವಾರುಗಳನ್ನು ತಲೆಲೆಕ್ಕಕ್ಕೆ ಇಳಿಸಿ ನೋಡುವುದು ಅಗತ್ಯ. 21ರ 24% ಎಂದರೆ 5 ಜನ, 38% ಎಂದರೆ 8 ಜನ. ಐದು ಜನರ ಮೇಲೆ ನಿಂತ 24%ಕ್ಕೆ 95% ವಿಶ್ವಾಸಾಂತರವನ್ನು ನಿಖರ ವಿಧಾನದಲ್ಲಿ ಲೆಕ್ಕ ಹಾಕಿದರೆ ಸುಮಾರು 8%ರಿಂದ 47%ರವರೆಗೆ ಹರಡಿಕೊಳ್ಳುತ್ತದೆ. ಆದ್ದರಿಂದ ‘ಔಷಧಿಯಿಲ್ಲದವರಲ್ಲಿ ಕಾಲುಭಾಗ’ ಎಂಬ ಸಾರಾಂಶ ಅಂಕಿಯ ಯೋಗ್ಯತೆಗಿಂತ ಗಟ್ಟಿಯಾದ ಮಾತು. ಜೊತೆಗೆ, ಪರೀಕ್ಷೆಗೊಳಗಾದವರು ವಯಸ್ಸಾದವರು. ರಕ್ತಸಂಬಂಧಿಗಳ ಗುಂಪು ಮಾತ್ರ ಕಿರಿಯ ವಯಸ್ಸಿನ ರೋಗಿಗಳ ಮನೆಗಳಿಂದ ಬಂದದ್ದು. ವಯಸ್ಸಿನ ಪಾತ್ರವನ್ನು ಬದಿಗಿಟ್ಟು ನಾಲ್ಕು ಗುಂಪುಗಳನ್ನು ಒಂದೇ ಸಾಲಿನಲ್ಲಿ ಓದಲು ಬರುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಅಲ್ಲಿ ಬಳಸಿದ ಸಿಂಪ್ಸನ್-ಆಂಗಸ್ ಮಾಪಕ (1970) ಹತ್ತು ಅಂಶಗಳದ್ದು, ಪ್ರತಿಯೊಂದಕ್ಕೂ 0ಯಿಂದ 4 ಅಂಕ. ನಡಿಗೆ ಅದರಲ್ಲಿ ಒಂದು ಅಂಶ ಮಾತ್ರ, ಅದೂ ಕಣ್ಣಳತೆಯದು. ಉಳಿದವುಗಳಲ್ಲಿ ಹೆಚ್ಚಿನವು ಬಿಗಿತಕ್ಕೆ ಸೇರಿದವು; ನಡುಕ, ಜೊಲ್ಲು ಮುಂತಾದವೂ ಇವೆ. ಮಾಪಕದ ಒಟ್ಟು ಅಂಕ ಹೆಚ್ಚಿದ್ದರೂ ನಡಿಗೆ ಚೆನ್ನಾಗಿಯೇ ಇರಬಹುದು. ಇಷ್ಟೆಲ್ಲ ಷರತ್ತು ಹಾಕಿದ ಮೇಲೂ ಔಷಧಿ ಮುಟ್ಟದವರಲ್ಲಿ ಚಲನದೋಷ ಇದೆ ಎಂಬ ಮೂಲ ಮಾತು ನಿಲ್ಲುತ್ತದೆ ಎಂದೇ ಈ ಟಿಪ್ಪಣಿಕಾರರ ಅಭಿಪ್ರಾಯ.

ಔಷಧಿಯ ಪಾಲು ಎಷ್ಟೆಂಬುದಕ್ಕೆ ಬೇರೆ ಬಗೆಯ ಆಧಾರವಿದೆ. ಕಪೂರ್ ಮತ್ತು ಸಂಗಡಿಗರು 2000ದಲ್ಲಿ, ಮೊದಲ ಬಾರಿ ಕಾಯಿಲೆಗೆ ಬಿದ್ದ 22 ಜನರಿಗೆ ಹಾಲೋಪೆರಿಡಾಲ್ ಕೊಟ್ಟು, ಮಿದುಳಿನ ಡೋಪಮಿನ್ ಡಿ-2 ಗ್ರಾಹಕಗಳು ಎಷ್ಟು ಭಾಗ ತುಂಬಿಕೊಳ್ಳುತ್ತವೆಂದು ಪೆಟ್ ಚಿತ್ರಣದಿಂದ ಅಳೆದರು. ಗುಣ ಕಾಣುವ ಸಾಧ್ಯತೆ 65% ದಾಟಿದಾಗ, ಚಲನೆಯ ಅಡ್ಡಪರಿಣಾಮದ ಸಾಧ್ಯತೆ 78% ದಾಟಿದಾಗ ಹೆಚ್ಚಿತು. ಎರಡರ ನಡುವಿನ ಕಿಂಡಿ ಕಿರಿದು. ಒಬ್ಬ ರೋಗಿಯ ನಡಿಗೆ ಈ ತಿಂಗಳು ಸುಧಾರಿಸಿದೆ ಎಂದರೆ ತಾಳದಿಂದಲೋ, ಪ್ರಮಾಣ ತಗ್ಗಿಸಿದ್ದರಿಂದಲೋ, ಟ್ರೈಹೆಕ್ಸಿಫೆನಿಡಿಲ್ ಸೇರಿಸಿದ್ದರಿಂದಲೋ ಎಂಬುದು ಔಷಧಿ ಚೀಟಿಯನ್ನು ಜೊತೆಗಿಟ್ಟು ನೋಡದೆ ತಿಳಿಯದು.

3. ಯಾವುದು ಕಡಿಮೆ: ಗತಿಯೋ, ಉದ್ದವೋ

ಪುಟ್ಸ್‌ಹಾಮರ್ ಮತ್ತು ಸಂಗಡಿಗರು ಜರ್ಮನಿಯಿಂದ 2004ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚರ್ಚೆಗೆ ಕೇಂದ್ರವಾಗಬೇಕಾದದ್ದು. ಅವರು ಔಷಧಿ ಆರಂಭಿಸದವರ, ಹಳೆಯ ಬಗೆಯ ಔಷಧಿ ಪಡೆಯುತ್ತಿದ್ದವರ ಹಾಗೂ ಹೊಸ ಬಗೆಯದನ್ನು ಪಡೆಯುತ್ತಿದ್ದವರ ನಡಿಗೆಯನ್ನು ಅಳೆದರು. ಔಷಧಿ ಆರಂಭಿಸದವರಲ್ಲೂ ವೇಗ ಕಡಿಮೆಯಿತ್ತು. ಮುಖ್ಯವಾಗಿ ಕುಗ್ಗಿದ್ದು ಜೋಡಿಹೆಜ್ಜೆಯ ಉದ್ದವೇ ಹೊರತು ಹೆಜ್ಜೆಗತಿಯಲ್ಲ. ಗುಂಪುಗಳು ಚಿಕ್ಕವು ಎಂಬ ಎಚ್ಚರ ಇಲ್ಲಿಯೂ ಬೇಕು.

ಇದು ಪಾರ್ಕಿನ್ಸನ್ ಕಾಯಿಲೆಯ ಬಗ್ಗೆ ಮಾರಿಸ್, ಇಯಾನ್ಸೆಕ್ ಮತ್ತು ಸಂಗಡಿಗರು 1990ರ ದಶಕದ ಮಧ್ಯದಲ್ಲಿ ತೋರಿಸಿದ ಚಿತ್ರಕ್ಕೆ ಹತ್ತಿರವಿದೆ. ಅಲ್ಲಿಯೂ ಮೂಲ ಕೊರತೆ ಉದ್ದದ್ದು, ಗತಿಯದಲ್ಲ. ನೆಲದ ಮೇಲೆ ಗುರುತು ಹಾಕಿ ಅದನ್ನು ತುಳಿಯುತ್ತ ನಡೆಸಿದರೆ, ಇಲ್ಲವೇ ಹೆಜ್ಜೆಯ ಮೇಲೆಯೇ ಗಮನವಿಡಲು ಹೇಳಿದರೆ, ಆ ಉದ್ದ ಮರಳುತ್ತಿತ್ತು. ಎರಡು ಕಾಯಿಲೆಗಳಲ್ಲಿ ಹೊರಗೆ ಕಾಣುವ ದೋಷ ಒಂದೇ ಎಂದಮಾತ್ರಕ್ಕೆ ಒಳಗಿನ ಕಾರಣ ಒಂದೇ ಆಗಬೇಕಿಲ್ಲ. ಪಾರ್ಕಿನ್ಸನ್‌ನಲ್ಲಿ ಡೋಪಮಿನ್ ಉತ್ಪಾದಿಸುವ ಜೀವಕೋಶಗಳೇ ನಶಿಸುತ್ತವೆ. ಔಷಧಿ ಪಡೆದ ಸ್ಕಿಜೋಫ್ರೇನಿಯಾದಲ್ಲಿ ಗ್ರಾಹಕಕ್ಕೆ ತಡೆ ಬೀಳುತ್ತದೆ. ಔಷಧಿ ಪಡೆಯದವರಲ್ಲಿ ಈ ಎರಡೂ ಇಲ್ಲ.

ಇಲ್ಲಿಂದ ಹೊರಡುವ ಪ್ರಶ್ನೆ ನೇರವಾದದ್ದು. ತಾಳ ನೇರವಾಗಿ ತಿದ್ದುವುದು ಹೆಜ್ಜೆಗತಿಯನ್ನು. ಕೊರತೆ ಇರುವುದು ಉದ್ದದಲ್ಲಿ. ಹಾಗಾದರೆ ತಾಳ ಏನನ್ನು ಸುಧಾರಿಸೀತು?

4. ಶಬ್ದದ ಕಡೆಯ ಆಧಾರ

ಥಾವ್ಟ್, ಮ್ಯಾಕಿಂಟಾಷ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪಾರ್ಕಿನ್ಸನ್ ಅಧ್ಯಯನ ಈ ಕ್ಷೇತ್ರದ ಆಧಾರಸ್ತಂಭ. 15 ಜನ ಮೂರು ವಾರ ಮನೆಯಲ್ಲಿಯೇ, ಮೆಟ್ರೊನೋಮ್ ಬಡಿತವನ್ನು ವಾದ್ಯಸಂಗೀತದೊಳಗೆ ಸೇರಿಸಿದ್ದ ಧ್ವನಿಸುರುಳಿ ಕೇಳುತ್ತ ನಡೆದರು. ಕೊನೆಯ ಅಳತೆಯನ್ನು ಶಬ್ದವಿಲ್ಲದೆ ತೆಗೆದುಕೊಂಡದ್ದು ಆ ಅಧ್ಯಯನದ ಹೆಚ್ಚುಗಾರಿಕೆ. ವೇಗ 25%, ಜೋಡಿಹೆಜ್ಜೆಯ ಉದ್ದ 12%, ಹೆಜ್ಜೆಗತಿ 10% ಹೆಚ್ಚಿದವು. ಶಬ್ದವಿಲ್ಲದೆ ತಮ್ಮಷ್ಟಕ್ಕೆ ನಡೆದು ಅಭ್ಯಾಸ ಮಾಡಿದವರ ವೇಗ 7% ಏರಿತು. ಅಭ್ಯಾಸವನ್ನೇ ಮಾಡದವರದು 7% ಇಳಿಯಿತು.

1.12ನ್ನು 1.10ರಿಂದ ಗುಣಿಸಿದರೆ 1.232, ಅಂದರೆ ವೇಗದ ಏರಿಕೆ 23% ಆಗಬೇಕು, ವರದಿಯಲ್ಲಿರುವುದು 25%. ವ್ಯಕ್ತಿವಾರು ಶೇಕಡಾವಾರುಗಳ ಸರಾಸರಿ ಹೀಗೆ ಗುಣಾಕಾರಕ್ಕೆ ಕರಾರುವಾಕ್ಕಾಗಿ ಒಗ್ಗಬೇಕಿಲ್ಲ. ದಶಾಂಶ ಬಿಟ್ಟು ಪೂರ್ಣಾಂಕಕ್ಕೆ ತಂದದ್ದೂ ಕಾರಣವಿರಬಹುದು. ವ್ಯತ್ಯಾಸ ಸಣ್ಣದು, ತೀರ್ಮಾನ ಬದಲಾಗುವುದಿಲ್ಲ. ಗಮನಿಸಬೇಕಾದದ್ದು ಉದ್ದವೂ ಹೆಚ್ಚಿತು ಎಂಬುದನ್ನು. ಗತಿಗೆ ಕೊಟ್ಟ ಸೂಚನೆ ಉದ್ದದ ಮೇಲೂ ಕೆಲಸ ಮಾಡಿರುವಂತಿದೆ. ಮೇಲಿನ ಪ್ರಶ್ನೆಗೆ ಆಸೆ ಹುಟ್ಟಿಸುವ ಅಂಶ ಇದೊಂದೇ.

ಯಾಂತ್ರಿಕತೆಯ ಬಗ್ಗೆ ಎರಡು ಮಾತು ಸಾಕು. ರೊಸಿನ್ಯೋಲ್ ಮತ್ತು ಮೆಲ್ವಿಲ್ ಜೋನ್ಸ್ (1976) ಶಬ್ದ ಬೆನ್ನುಹುರಿಯ ಚಲನಕೋಶಗಳನ್ನು ಸನ್ನದ್ಧಗೊಳಿಸುತ್ತದೆಂದು ತೋರಿಸಿದರು. ಗ್ರಾನ್ ಮತ್ತು ಬ್ರೆಟ್ (2007) ಬಡಿತ ಸ್ಪಷ್ಟವಾಗಿ ಸಿಗುವ ಲಯ ಕೇಳಿದಾಗ, ಕೈಕಾಲು ಆಡಿಸದಿದ್ದರೂ, ಬೇಸಲ್ ಗ್ಯಾಂಗ್ಲಿಯಾ ಮತ್ತು ಪೂರಕ ಚಲನವಲಯ ಎಚ್ಚರಗೊಳ್ಳುವುದನ್ನು ಗುರುತಿಸಿದರು.

ಸ್ಕಿಜೋಫ್ರೇನಿಯಾದ ಮಟ್ಟಿಗೆ ಚಿತ್ರ ತೆಳು. ಕ್ಯಾರೊಲ್ ಮತ್ತು ಸಂಗಡಿಗರ (2009) ಬೆರಳು ತಟ್ಟುವ ಪ್ರಯೋಗದಲ್ಲಿ, 500 ಮಿಲಿಸೆಕೆಂಡ್ ಅಂತರದ ಶಬ್ದಕ್ಕೆ ತಟ್ಟುವಾಗ ರೋಗಿಗಳ ಕಾಲಾಂತರ ಹೆಚ್ಚು ಏರುಪೇರಾಗಿತ್ತು. ತಾಳ ಹಿಡಿಯುವ ಸಾಮರ್ಥ್ಯವೇ ಕುಂದಿರುವವರಿಗೆ ತಾಳವನ್ನೇ ಊರುಗೋಲಾಗಿ ಕೊಡುವುದು ಸರಿಯೇ ಎಂಬ ಆಕ್ಷೇಪಕ್ಕೆ ಇದು ಎಡೆ ಕೊಡುತ್ತದೆ. ಆದರೆ 500 ಮಿಲಿಸೆಕೆಂಡ್ ಎಂದರೆ ನಿಮಿಷಕ್ಕೆ 120 ಬಡಿತ. ನಿಮಿಷಕ್ಕೆ 84 ಹೆಜ್ಜೆ ಹಾಕುವವರ ಅಂತರ 714 ಮಿಲಿಸೆಕೆಂಡ್. ಬೆರಳಿನಿಂದ ಕಾಲಿಗೆ, ಒಂದು ಅಂತರದಿಂದ ಇನ್ನೊಂದಕ್ಕೆ ಫಲಿತಾಂಶವನ್ನು ಹಾಗೆಯೇ ಎತ್ತಿಡುವುದು ಸಾಧುವಲ್ಲ.

ಈಚಿನ ವರ್ಷಗಳಲ್ಲಿ ಹಾಂಕಾಂಗ್‌ನ ಸಂಶೋಧಕರು ಲಯಬದ್ಧ ಶಬ್ದವನ್ನು ಚಲನೆಯ ತರಬೇತಿಗೆ ಸೇರಿಸಿ, ಸುಧಾರಣೆ ಕಂಡದ್ದನ್ನು ವರದಿ ಮಾಡಿದ್ದಾರೆ. ಭಾಗವಹಿಸಿದವರು ಮನೋವಿಕೃತಿಯಂಥ ಅನುಭವಗಳುಳ್ಳವರು. ಸ್ಕಿಜೋಫ್ರೇನಿಯಾ ಎಂದು ರೋಗನಿರ್ಣಯವಾದವರೆಂದು ಓದಿಕೊಳ್ಳಬಾರದು. ಸಂಗೀತ ಚಿಕಿತ್ಸೆಯ ಕಾಕ್ರೇನ್ ಪರಾಮರ್ಶೆಯಲ್ಲಿ (2017) 18 ಅಧ್ಯಯನಗಳು, 1,215 ಜನರಿದ್ದಾರೆ. ಅದರ ಒಲವು ಮಾನಸಿಕ ಸ್ಥಿತಿ, ಸಾಮಾಜಿಕ ನಿರ್ವಹಣೆ, ಜೀವನದ ಗುಣಮಟ್ಟಗಳ ಕಡೆಗೆ. ನೃತ್ಯ ಚಿಕಿತ್ಸೆಯ ಪರಾಮರ್ಶೆಗೆ (2013) ಸಿಕ್ಕದ್ದು 45 ಜನರ ಒಂದೇ ಅಧ್ಯಯನ.

ಕರ್ನಾಟಕದಲ್ಲಿ ಹತ್ತಿರದ ಮಾದರಿಯೆಂದರೆ ಬೆಂಗಳೂರಿನ ನಿಮ್ಹಾನ್ಸ್‌ನ ಯೋಗ ಅಧ್ಯಯನ. ದುರೈಸ್ವಾಮಿ, ತೀರ್ಥಹಳ್ಳಿ, ನಾಗೇಂದ್ರ ಮತ್ತು ಗಂಗಾಧರ್ (2007) 61 ರೋಗಿಗಳನ್ನು ಯೋಗಕ್ಕೆ 31, ವ್ಯಾಯಾಮಕ್ಕೆ 30 ಎಂದು ಚೀಟಿ ಎತ್ತಿದಂತೆ ಹಂಚಿ ನಾಲ್ಕು ತಿಂಗಳು ಗಮನಿಸಿದರು. ಅಳೆದದ್ದು ರೋಗಲಕ್ಷಣ, ಸಾಮಾಜಿಕ ನಿರ್ವಹಣೆ, ಜೀವನದ ಗುಣಮಟ್ಟಗಳನ್ನು. ಇಲ್ಲಿ ಅನುಕರಿಸಬೇಕಾದದ್ದು ಹೋಲಿಕೆಯ ಗುಂಪನ್ನು ಸುಮ್ಮನೆ ಕೂರಿಸದೆ ವ್ಯಾಯಾಮ ಮಾಡಿಸಿದ ಕ್ರಮವನ್ನು. ಲಯದ ಪ್ರಯೋಗಕ್ಕೂ ‘ಶಬ್ದವಿಲ್ಲದ ಅಷ್ಟೇ ಹೊತ್ತಿನ ನಡಿಗೆ’ಯೇ ತಕ್ಕ ಹೋಲಿಕೆ. ಸಂಗೀತದ ಆಧಾರದ ಪುನಶ್ಚೇತನಕ್ಕೆ ನಿಮ್ಹಾನ್ಸ್‌ನಲ್ಲಿಯೇ ಶಾಂತಲಾ ಹೆಗ್ಡೆ ಅವರ ಸಂಗೀತ ಸಂಜ್ಞಾನ ಪ್ರಯೋಗಾಲಯ ಇರುವುದರಿಂದ ಪರಿಣತಿ ದೂರದ್ದಲ್ಲ.

5. ಕೋಲಾರವೇ ಏಕೆ

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿತು. ದಕ್ಷಿಣದಿಂದ ಸೇರಿದ್ದು ತಮಿಳುನಾಡು ಮತ್ತು ಕೇರಳ. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ಆದರೆ ಮುಖ್ಯ ಸಮೀಕ್ಷೆಗೆ ಮುಂಚಿನ ಪೂರ್ವಭಾವಿ ಅಧ್ಯಯನ ನಡೆದದ್ದು ಕೋಲಾರ ಜಿಲ್ಲೆಯಲ್ಲಿ. ಹೀಗಾಗಿ ‘ರಾಷ್ಟ್ರೀಯ ಸಮೀಕ್ಷೆಯ ಕೋಲಾರದ ಅಂಕಿ’ ಎಂದು ಯಾರಾದರೂ ಬರೆದರೆ ಅದು ವಿಧಾನ ಪರೀಕ್ಷೆಯ ಹಂತದ್ದೋ, 12 ರಾಜ್ಯಗಳ ಸರಾಸರಿಯನ್ನು ಇಲ್ಲಿಗೆ ಅನ್ವಯಿಸಿದ್ದೋ ಎಂದು ಕೇಳಬೇಕಾಗುತ್ತದೆ. ಆ ಸರಾಸರಿಯ ಪ್ರಕಾರ ಸ್ಕಿಜೋಫ್ರೇನಿಯಾ ಮತ್ತಿತರ ಮನೋವಿಕೃತಿಗಳು ವಯಸ್ಕರಲ್ಲಿ ಜೀವಿತಾವಧಿಯಲ್ಲಿ 1.4%, ಸಮೀಕ್ಷೆಯ ಹೊತ್ತಿಗೆ 0.4%; ಚಿಕಿತ್ಸೆ ತಲುಪದವರು 75.5%. ಅಲ್ಲಿ ಬಳಸಿದ ‘ಮಿನಿ’ ಸಂದರ್ಶನ ರೋಗನಿರ್ಣಯದ ಸಾಧನ. ನಡಿಗೆ ಅದರ ವ್ಯಾಪ್ತಿಗೆ ಬರುವುದಿಲ್ಲ.

ಜಿಲ್ಲೆಯ ಹೆಸರಿನಲ್ಲೂ ಒಂದು ತೊಡಕಿದೆ. 2007ರ ಆಗಸ್ಟ್‌ಗೆ ಮುಂಚೆ ‘ಕೋಲಾರ ಜಿಲ್ಲೆ’ ಎಂದರೆ ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗುಡಿಬಂಡೆ, ಗೌರಿಬಿದನೂರು, ಚಿಕ್ಕಬಳ್ಳಾಪುರಗಳೂ ಸೇರಿದ 11 ತಾಲ್ಲೂಕು. ಆಮೇಲೆ ಉಳಿದದ್ದು ಕೋಲಾರ, ಬಂಗಾರಪೇಟೆ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ಐದು, ಕೆ.ಜಿ.ಎಫ್. ತಾಲ್ಲೂಕು ಬೇರೆಯಾದದ್ದು ಇನ್ನೂ ಈಚೆಗೆ. 2011ರ ಜನಗಣತಿಯ 15,36,401 ಎಂಬ ಸಂಖ್ಯೆ ವಿಭಜನೆಯ ನಂತರದ ಜಿಲ್ಲೆಯದು. ಹಳೆಯ ಆಸ್ಪತ್ರೆ ದಾಖಲೆಯನ್ನು ಹೊಸ ಜನಸಂಖ್ಯೆಯಿಂದ ಭಾಗಿಸಿದರೆ ಪ್ರಮಾಣ ಅನುಚಿತವಾಗಿ ಏರುತ್ತದೆ.

ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮ 2014ರಲ್ಲಿ ಆರಂಭವಾಯಿತು. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡು ಅದು. ಒಬ್ಬರೇ ರೋಗಿಯನ್ನು ನಿಗದಿತ ವಾರದ ದಿನ, ಅದೇ ಕಟ್ಟಡದಲ್ಲಿ, ಮತ್ತೆ ಮತ್ತೆ ಕಾಣುವ ಅವಕಾಶ ಇದರಿಂದ ಸಿಗುತ್ತದೆ. ನಡಿಗೆಯ ಅಳತೆಗೆ ಬೇಕಾದದ್ದು ಬಹುಮಟ್ಟಿಗೆ ಇಷ್ಟೇ. ಮುಳಬಾಗಿಲು, ಶ್ರೀನಿವಾಸಪುರದವರಿಗೆ ಅದು ಅವರವರ ತಾಲ್ಲೂಕು ಆಸ್ಪತ್ರೆ. ಕೋಲಾರ ತಾಲ್ಲೂಕಿನ ಹೋಳೂರು ಹೋಬಳಿಯವರಿಗೆ ತಾಲ್ಲೂಕು ಕೇಂದ್ರವೂ ಜಿಲ್ಲಾ ಕೇಂದ್ರವೂ ಕೋಲಾರವೇ.

6. ಯಾವ ಶಬ್ದ

ಈ ಸೀಮೆಯಲ್ಲಿ ಲಯವೆಂದರೆ ಮೊದಲು ನೆನಪಿಗೆ ಬರುವುದು ತಮಟೆ. ಹಳೆಯ ಕೋಲಾರ ಜಿಲ್ಲೆಯ ಭಾಗವಾಗಿದ್ದ, ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಸಂದಿತು. ವಾದಕರು ನಿಂತು ಬಡಿಯುವುದಿಲ್ಲ, ಹೆಜ್ಜೆ ಹಾಕುತ್ತಲೇ ಬಡಿಯುತ್ತಾರೆ. ಕೈಯ ಲಯವೂ ಕಾಲಿನ ಲಯವೂ ಅಲ್ಲಿ ಒಟ್ಟಿಗೇ ಇರುತ್ತವೆ. ಹಾಗಾಗಿ ತಮಟೆಯನ್ನೇ ಬಳಸೋಣ ಎಂದು ಅನ್ನಿಸುವುದು ಸಹಜ. ಆದರೆ ಮೂರು ಕಾರಣಕ್ಕೆ ತಡೆಯಬೇಕಾಗುತ್ತದೆ.

ಒಂದನೆಯದು ತಾಂತ್ರಿಕ. ಈ ಚಿಕಿತ್ಸೆಗೆ ಬೇಕಾದದ್ದು ಅಂತರ ಬದಲಾಗದ ಬಡಿತ. ಜಾತ್ರೆಯ ತಮಟೆ ಹೋಗುತ್ತ ಹೋಗುತ್ತ ದ್ರುತಕ್ಕೆ ಏರುತ್ತದೆ, ನಡುನಡುವೆ ಪೆಟ್ಟುಗಳು ಒತ್ತಾಗುತ್ತವೆ. ಬೆಂಕಿಗೆ ಕಾಯಿಸಿದ ಚರ್ಮ ಆರುತ್ತಿದ್ದಂತೆ ನಾದವೂ ಇಳಿಯುತ್ತದೆ. ಎರಡನೆಯದು ವೈದ್ಯಕೀಯ. ಅಶರೀರ ಧ್ವನಿ ಕೇಳಿಸುವವರಿಗೆ ಏರುಶಬ್ದ ಹಿತವಾಗದೆ ಹೋಗಬಹುದು. ಜಾತ್ರೆಯನ್ನೂ ಸಾವಿನ ಮೆರವಣಿಗೆಯನ್ನೂ ನೆನಪಿಸುವ ಶಬ್ದ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಮೂರನೆಯದು ಸಾಮಾಜಿಕ. ತಮಟೆ ಬಡಿಯುವುದನ್ನು ದಲಿತರ ಮೇಲೆ ಚಾಕರಿಯಾಗಿ ಹೇರಿದ ಇತಿಹಾಸವಿದೆ. ಆಸ್ಪತ್ರೆಯೊಳಗೆ ಅದನ್ನು ತರುವ ಮುನ್ನ ರೋಗಿಯನ್ನೂ ಮನೆಯವರನ್ನೂ ಕೇಳದೆ ಮುಂದುವರಿಯುವುದು ತಪ್ಪು. ಈ ಮೂರನೆಯ ಕಾರಣವನ್ನು ಅಡಿಟಿಪ್ಪಣಿಗೆ ತಳ್ಳುವುದು ಸಲ್ಲದು.

ಕೋಲಾಟದ ಕೋಲುಪೆಟ್ಟು, ಭಜನೆಯ ತಾಳದ ಪೆಟ್ಟು ಬಹುಶಃ ಹೆಚ್ಚು ಹೊಂದುತ್ತವೆ. ಒಂದೇ ಪೆಟ್ಟನ್ನು ಧ್ವನಿಮುದ್ರಿಸಿಕೊಂಡು ಮೊಬೈಲಿನ ಮೆಟ್ರೊನೋಮಿನಿಂದ ಸಮ ಅಂತರದಲ್ಲಿ ಮರುನುಡಿಸಿದರೆ ನಾದ ಊರಿನದು, ಅಂತರ ಯಂತ್ರದ್ದು. ನಿಸ್ತಂತು ಸ್ಪೀಕರಿನಲ್ಲಿ ಶಬ್ದ ತುಸು ತಡವಾಗಿ ಬರುವುದರಿಂದ ತೊಂದರೆಯಿಲ್ಲ. ತಡ ಪ್ರತಿ ಪೆಟ್ಟಿಗೂ ಒಂದೇ ಇರಬೇಕು ಅಷ್ಟೆ.

7. ಅಳತೆ

14 ಮೀಟರ್ ಉದ್ದದ ಮೊಗಸಾಲೆ ಸಾಕು. ಮೊದಲ ಮತ್ತು ಕೊನೆಯ 2 ಮೀಟರ್ ವೇಗ ಹಿಡಿಯಲು ಮತ್ತು ಇಳಿಸಲು. ನಡುವಿನ 10 ಮೀಟರಿಗೆ ಸೀಮೆಸುಣ್ಣದ ಗೆರೆ. ಒಬ್ಬರು ನಿಲ್ಗಡಿಯಾರ ಹಿಡಿದು ಹೆಜ್ಜೆ ಎಣಿಸುತ್ತಾರೆ. ಪ್ರತಿ ಹೆಜ್ಜೆಯ ಉದ್ದವೂ ಬೇಕಿದ್ದರೆ ರೋಗಿಯ ಅಂಗಾಲು ಒದ್ದೆ ಮಾಡಿ ಒಣ ಸಿಮೆಂಟ್ ನೆಲದ ಮೇಲೆ ನಡೆಸಿ, ಗುರುತು ಆರುವ ಮುನ್ನ ಹಿಮ್ಮಡಿಯಿಂದ ಹಿಮ್ಮಡಿಗೆ ಟೇಪು ಹಿಡಿಯಬಹುದು.

ಲೆಕ್ಕದ ಮಾದರಿಗಾಗಿ ಒಂದು ಕಲ್ಪಿತ ಉದಾಹರಣೆ. 10 ಮೀಟರಿಗೆ 20 ಹೆಜ್ಜೆ, 14.3 ಸೆಕೆಂಡ್. ಜೋಡಿಹೆಜ್ಜೆಯ ಉದ್ದ 1.00 ಮೀಟರ್, ಹೆಜ್ಜೆಗತಿ 84, ವೇಗ 0.70. ರೂಢಿಯ ಕ್ರಮದಂತೆ ಸ್ವಂತ ಗತಿಗಿಂತ 10% ಹೆಚ್ಚಿಸಿ 92.4ಕ್ಕೆ, ಅಂದರೆ 649 ಮಿಲಿಸೆಕೆಂಡ್ ಅಂತರಕ್ಕೆ ತಾಳ ಹಾಕಿದಿರೆನ್ನಿ. ಉದ್ದ 1.00 ಮೀಟರಿನಲ್ಲೇ ಉಳಿದರೆ ವೇಗ 0.77. ತಾಳಕ್ಕೆ ಸಿಗಲೆಂದು ಹೆಜ್ಜೆ ಚಿಕ್ಕದಾಗಿ, ಉದ್ದ 0.90ಕ್ಕೆ ಇಳಿದರೆ ವೇಗ 0.69: ಮೊದಲಿಗಿಂತ ಕಡಿಮೆ. ನೋಡುವವರಿಗೆ ಮಾತ್ರ ರೋಗಿ ತಾಳಕ್ಕೆ ಸರಿಯಾಗಿ, ಚುರುಕಾಗಿ ನಡೆದಂತೆ ಕಾಣುತ್ತದೆ. ಹೆಜ್ಜೆಗತಿಯೊಂದನ್ನೇ ಬರೆದುಕೊಂಡ ಅಧ್ಯಯನ ಈ ಎರಡನ್ನೂ ಯಶಸ್ಸೆಂದೇ ದಾಖಲಿಸುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಕೊರತೆ ಉದ್ದದ್ದೇ ಆಗಿದ್ದರೆ ಇದು ಸಣ್ಣ ಲೋಪವಲ್ಲ.

ಸೂಚನೆಯ ಮಾತೂ ಅಳತೆಯ ಭಾಗ. ‘ದೊಡ್ಡ ಹೆಜ್ಜೆ ಹಾಕಿ’ ಎಂದರೆ ಗಮನದಿಂದಲೇ ಉದ್ದ ಹೆಚ್ಚಬಹುದು. ಅದು ತಾಳದ ಫಲವಲ್ಲ. ‘ಸದ್ದಿಗೆ ಸರಿಯಾಗಿ ಕಾಲು ಹಾಕಿ’ ಎಂಬಷ್ಟನ್ನೇ ಎಲ್ಲರಿಗೂ ಹೇಳಬೇಕು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು ಮನೆಮಾತಿನವರು ಹೆಚ್ಚು. ಅವರಿಗೆ ತೆಲುಗಿನಲ್ಲಿ, ಅಷ್ಟೇ ಮಾತು. ಒಪ್ಪಿಗೆಯನ್ನೂ ಅವರ ಮಾತಿನಲ್ಲೇ ಪಡೆಯಬೇಕು. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಸಂಶೋಧನೆಗೆ ತಿಳಿವಳಿಕೆಯ ಒಪ್ಪಿಗೆ ಕಡ್ಡಾಯವೆನ್ನುತ್ತದೆ.

ಅಳತೆ ಮೂರು ಬಾರಿ: ಶಬ್ದಕ್ಕೆ ಮೊದಲು, ಶಬ್ದದೊಡನೆ, ಶಬ್ದ ನಿಲ್ಲಿಸಿದ ಮೇಲೆ. ಮೂರನೆಯದಿಲ್ಲದೆ ಮೊದಲೆರಡಕ್ಕೆ ಹೆಚ್ಚು ಬೆಲೆಯಿಲ್ಲ.

8. ಕೋರಿಕೆ

ತಾಲ್ಲೂಕು ಆಸ್ಪತ್ರೆಗಳ ಮಂಗಳವಾರದ ಚಿಕಿತ್ಸಾಲಯಗಳಲ್ಲಿ ಕೆಲಸ ಮಾಡುವ ಸಹೋದ್ಯೋಗಿಗಳಲ್ಲಿ ಒಂದು ಕೋರಿಕೆ. ತಾಳದ ಪ್ರಯೋಗ ಮಾಡಲಿ, ಬಿಡಲಿ, ನಡೆದಾಡಬಲ್ಲ ಪ್ರತಿ ರೋಗಿಯ ಚೀಟಿಯಲ್ಲಿ ಮೂರು ಅಂಕಿಗಳನ್ನು ಬರೆದಿಡಿ: 10 ಮೀಟರಿಗೆ ಎಷ್ಟು ಸೆಕೆಂಡ್, ಎಷ್ಟು ಹೆಜ್ಜೆ, ಆ ದಿನದ ಔಷಧಿಯ ಪ್ರಮಾಣ ಎಷ್ಟು. ಸಾಧ್ಯವಾದರೆ ಮೊದಲ ಔಷಧಿ ಕೊಡುವ ಮುನ್ನವೇ ಒಮ್ಮೆ ಅಳೆಯಿರಿ; ಮದರಾಸಿನ ಆ 21 ಜನರ ಸಾಲಿಗೆ ಸೇರುವ ಅಂಕಿ ಅದೊಂದೇ.